ಕೇಳುವ ಮೈಕಿಗೆ ನಾನು ಮಾಡಿದ ಪೂಜೆ

ನನ್ನ ಮೊಮ್ಮಗಳ ಹತ್ತಿರ ಒಂದು ಮೈಕ್ ಇದೆ. ಅದರ ಮುಂದೆ ಭಾಷಣ ಮಾಡಬಾರದು, ಹಾಡಬಾರದು, "ಹಲೋ ಹಲೋ ಚೆಕ್" ಅನ್ನಬಾರದು. ಊದುವುದಂತೂ ಮಹಾಪಾಪ. ಅದು ಸುಮ್ಮನೆ ನಿಂತು ಕೇಳುತ್ತದೆ, ಕೇಳಿದ್ದನ್ನು ಅಂಕಿಯಲ್ಲಿ ಹೇಳುತ್ತದೆ, ಅಷ್ಟೇ. ಮುಂಬಯಿಯಲ್ಲಿ ಇಂಥ ಮೈಕ್ ಇದೆ ಅಂದರೆ ಯಾರೂ ನಂಬುವುದಿಲ್ಲ. ಎಲ್ಲಿಂದ ನಂಬಬೇಕು? ಈ ಊರಲ್ಲಿ ಸುಮ್ಮನೆ ನಿಂತು ಕೇಳುವ ಮನುಷ್ಯರೇ ಇಲ್ಲ.

ನಮ್ಮ ಚಾಳಿನಲ್ಲಿ ನಾನು ಈ ಸುದ್ದಿ ಹೇಳಿದಾಗ ಪಕ್ಕದ ಖೋಲಿಯವಳು ಕೇಳಿದಳು, "ಕಾಕಾ, ಮಗಳ ಮದುವೆಯ ಅರಿಶಿನಕ್ಕೆ ಆ ಮೈಕ್ ಸಿಗುತ್ತದಾ?" ಅದು ಮಾತಾಡುವ ಮೈಕ್ ಅಲ್ಲ ಅಂತ ಮೂರು ಸಲ ತಿಳಿಸಿ ಹೇಳಿದೆ. ಆಕೆ ಮರುಕದಿಂದ ನನ್ನ ಮುಖ ನೋಡಿದಳು. "ರಿಪೇರಿಗೆ ಕೊಡಿ, ಸರಿಯಾಗುತ್ತದೆ," ಅಂದಳು.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ವಿಜಯಪುರದ ಕಡೆಯಿಂದ ಬಂದು ಈ ಊರಲ್ಲಿ ಮೂವತ್ತು ವರ್ಷ ಬ್ರೇಕರ್ ಹೊಡೆದೆ. ಬ್ರೇಕರ್ ಅಂದರೆ ಕಾಂಕ್ರೀಟ್ ಒಡೆಯುವ ಮಷೀನು. ಕೈಯಲ್ಲಿ ಹಿಡಿದರೆ ಬಾಯೊಳಗಿನ ಹಲ್ಲು ಕೂಡ ಕುಣಿಯುತ್ತವೆ. ಬೈಕುಲ್ಲಾದಲ್ಲಿ ಒಡೆದೆ, ಧಾರಾವಿಯಲ್ಲಿ ಒಡೆದೆ, ಮೊದಲು ನಾವೇ ಒಡೆದು ಕಟ್ಟಿಸಿದ ರಸ್ತೆಯನ್ನು ಮತ್ತೆ ಬಂದು ಒಡೆದೆ. ಎಡಗಿವಿ ಆ ಕೆಲಸಕ್ಕೇ ಹೋಯಿತು. ಬಲಗಿವಿ ತನಗೆ ಮನಸ್ಸಿದ್ದಾಗ ಕೇಳುತ್ತದೆ. ನಮ್ಮಾಕಿ ಅನ್ನುತ್ತಾಳೆ, "ಬೈದರ ಕೇಳಸೂದಿಲ್ಲ, ಚಹಾ ಅಂದ್ರ ಎರಡೂ ಕಿವಿ ನೆಟ್ಟಗಾಗ್ತಾವ."

ಅಂಥವನ ಮೊಮ್ಮಗಳು ಸಪ್ಪಳ ಅಳೆಯುವ ಕೆಲಸದಲ್ಲಿದ್ದಾಳೆ! ಅಜ್ಜ ಊರು ತುಂಬ ಎಬ್ಬಿಸಿ ಹೋದದ್ದನ್ನು ಮೊಮ್ಮಗಳು ಹಿಂದಿನಿಂದ ಬಂದು ಅಳೆಯುತ್ತಿದ್ದಾಳೆ. ಇದನ್ನು ಹೇಳಿಕೊಳ್ಳದೆ ನನಗೆ ಅನ್ನ ಇಳಿಯುವುದಿಲ್ಲ. ತರಕಾರಿಯವನಿಗೆ ಹೇಳಿದ್ದೇನೆ, ರಿಕ್ಷಾದವರಿಗೆ ಹೇಳಿದ್ದೇನೆ, ಲೋಕಲ್‌ನಲ್ಲಿ ನನ್ನ ಕಾಲು ತುಳಿದವನಿಗೂ ಹೇಳಿದ್ದೇನೆ. ಈಗ ಬರೆಯುತ್ತಿದ್ದೇನೆ.

ಅವಳ ಲ್ಯಾಬು ಜೋಗೇಶ್ವರಿಯಲ್ಲಿ, ನಮ್ಮ ಚಾಳಿನಿಂದ ನಡೆದು ಹೋಗುವಷ್ಟು ದೂರ. ಕೆಳಗೆ ಡಬ್ಬಕ್ಕೆ ತಗಡು ಕತ್ತರಿಸುವವರು, ಪಕ್ಕದಲ್ಲಿ ಪ್ಲಾಸ್ಟಿಕ್ ಬಿರಡೆ ಮಾಡುವವರು, ನಡುವೆ ಸಪ್ಪಳ ಅಳೆಯುವವರು. ಅಳೆಯಲಿಕ್ಕೆ ಸರಕು ಕಡಿಮೆ ಬೀಳಬಾರದು ಅಂತಲೇ ಆ ಜಾಗ ಹಿಡಿದಿರಬೇಕು. ಲ್ಯಾಬಿನ ಸಾಹೇಬರು ಉಡುಪಿಯ ಕಡೆಯವರು. ಅವರ ತಂದೆಗೆ ಬೈಕುಲ್ಲಾದಲ್ಲಿ ಹೋಟೆಲು ಇತ್ತಂತೆ. "ಎರಡು ಮಸಾಲೆ, ಒಂದು ಸಾದಾ" ಅಂತ ಕೂಗುವುದನ್ನು ಕೇಳಿ ಕೇಳಿ ಬೆಳೆದ ಮಗ, ದೊಡ್ಡವನಾದ ಮೇಲೆ ಪಿಸುಮಾತಿನಲ್ಲಿ ಮಾತಾಡುವ ಮನುಷ್ಯ ಆಗಿಬಿಟ್ಟರು. ನನ್ನ ಹತ್ತಿರ ಮಾತ್ರ ಎರಡೆರಡು ಸಲ ಪಿಸುಗುಟ್ಟಬೇಕಾಗುತ್ತದೆ.

ಮೊದಲ ಸಲ ಹೋದಾಗ ಮೊಮ್ಮಗಳು ಮೈಕ್ ತೋರಿಸಿದಳು. ಕಿರುಬೆರಳಿನಷ್ಟು ದಪ್ಪ, ಬೆಳ್ಳಿಯ ಬಣ್ಣ. ತಲೆಗೆ ತೂತು ತೂತಿನ ಒಂದು ಟೊಪ್ಪಿಗೆ, ಉಪ್ಪಿನ ಡಬ್ಬಿಯ ಮುಚ್ಚಳದ ಹಾಗೆ. ಆ ಟೊಪ್ಪಿಗೆಯ ಕೆಳಗೆ ಲೋಹದ ಒಂದು ಪೊರೆ ಇದೆಯಂತೆ, ಉಳ್ಳಾಗಡ್ಡಿಯ ಒಳಪೊರೆಗಿಂತ ತೆಳ್ಳಗೆ. ಸಪ್ಪಳ ಬಂದು ಅದಕ್ಕೆ ತಾಗಿದರೆ ನಡುಗುತ್ತದೆ, ಆ ನಡುಕವೇ ಅಂಕಿ ಆಗುತ್ತದೆ.

"ನಮ್ಮ ಕಿವಿ ಪರದೆ ಹಂಗ?" ಅಂದೆ.

"ಹಾಂ ಮುತ್ಯಾ, ಸೇಮ್. ಆದ್ರ ಇದನ್ನ ನಾವು ಸಂಭಾಳಿಸ್ತೀವಿ," ಅಂದಳು. ಅವಳ ಕನ್ನಡ ಹಾಗೆಯೇ. ಅರ್ಧ ನಮ್ಮ ಮನೆಯದು, ಅರ್ಧ ಸ್ಟೇಷನ್ನಿನದು.

ಸಂಭಾಳಿಸುವುದು ಅಂದರೆ ಹೇಗೆ ಅಂತೀರಿ? ಮಡಿಯಲ್ಲಿ ಅಡಿಗೆ ಮಾಡುವವರೂ ನಾಚಬೇಕು. ಕೈ ತೊಳೆದು ಒರೆಸಿಕೊಂಡು ಪೆಟ್ಟಿಗೆ ಬಿಚ್ಚಬೇಕು. ಪೆಟ್ಟಿಗೆಯೊಳಗೆ ತೇವ ಹೀರುವ ಹರಳಿನ ಚೀಲ. ಹರಳಿನ ಬಣ್ಣ ತಿರುಗಿತೋ ಬದಲಿಸಬೇಕು. ಮೈಕನ್ನು ಸ್ಟ್ಯಾಂಡಿಗೆ ಹಾಕಿದ ಮೇಲೆ ಒಂದು ಪುಟ್ಟ ಡಬ್ಬಿಯನ್ನು ಅದರ ತಲೆಗೆ ತೊಡಿಸುತ್ತಾಳೆ. ಆ ಡಬ್ಬಿ ಒಂದೇ ರಾಗದಲ್ಲಿ "ಕೂಂ" ಅನ್ನುತ್ತದೆ. ಆಗ ಯಂತ್ರದಲ್ಲಿ ತೊಂಬತ್ನಾಲ್ಕು ಬರಬೇಕು. ಕೆಲಸಕ್ಕೆ ಮುಂಚೆ ಒಂದು ಸಲ, ಕೆಲಸ ಮುಗಿದ ಮೇಲೆ ಒಂದು ಸಲ. ಅಂಕಿ ಅತ್ತಿತ್ತ ಆದರೆ ಆವತ್ತು ಅಳೆದದ್ದೆಲ್ಲ ಕಸಕ್ಕೆ. ನಮ್ಮಾಕಿ ದೇವರಿಗೂ ಇಷ್ಟು ನೇಮದಿಂದ ಎರಡು ಹೊತ್ತು ಆರತಿ ಎತ್ತಿದ್ದನ್ನು ನಾನು ಕಂಡಿಲ್ಲ.

ಮಳೆಗಾಲದಲ್ಲಿ ನಮ್ಮ ಚಾಳಿನ ಗೋಡೆ ಬೆವರುತ್ತದೆ, ಹಾಸಿಗೆ ಬೆವರುತ್ತದೆ, ಡಬ್ಬಿಯೊಳಗಿನ ಶೇಂಗಾ ಚಟ್ನಿಗೂ ಬೂಸಲು. ಮೈಕುಗಳು ಮಾತ್ರ ಒಣ ಕಪಾಟಿನಲ್ಲಿ, ಸ್ಪಂಜಿನ ಹಾಸಿಗೆಯ ಮೇಲೆ. "ಮುಂದಿನ ಜನ್ಮ ಅಂತಿದ್ದರೆ ನಿನ್ನ ಕಪಾಟಿನಾಗ ಹುಟ್ಟತೀನಿ," ಅಂತ ಅವಳಿಗೆ ಹೇಳಿದೆ.

ಆ ಲ್ಯಾಬಿನಲ್ಲಿ ಒಂದು ಸದ್ದಿಲ್ಲದ ಕೋಣೆಯೂ ಇದೆ. ಗೋಡೆಗೆಲ್ಲ ಮೊನೆ ಮೊನೆಯ ಸ್ಪಂಜು. ಸಾಹೇಬರು ನನ್ನನ್ನೂ ಮೊಮ್ಮಗಳನ್ನೂ ಒಳಗೆ ಕರೆದು ಬಾಗಿಲು ಹಾಕಿದರು. ತಗಡಿನ ಸಪ್ಪಳ ನಿಂತಿತು, ಟ್ರೇನು ನಿಂತಿತು, ಹಾರ್ನು ನಿಂತಿತು. ಐವತ್ತು ವರ್ಷದಲ್ಲಿ ಮೊದಲ ಸಲ ಮುಂಬಯಿ ಬಾಯಿ ಮುಚ್ಚಿತು. ಆಗ ಎಡಗಿವಿಯಲ್ಲಿ, ಸತ್ತೇ ಹೋಗಿದೆ ಅಂದುಕೊಂಡಿದ್ದ ಕಿವಿಯಲ್ಲಿ, ಒಂದು ಗುಯ್ಯೆನ್ನುವ ಸದ್ದು.

"ಸಾಹೇಬ್ರ, ಕೆಳಗ ಯಾರೋ ಬ್ರೇಕರ್ ಹಚ್ಯಾರ ನೋಡ್ರಿ," ಅಂದೆ.

ಸಾಹೇಬರು ತಲೆಯಾಡಿಸಿದರು. "ಅಲ್ಲ ಅಜ್ಜ. ಅದು ಹೊರಗಿನದ್ದಲ್ಲ. ನಿಮ್ಮ ಒಳಗಿನದ್ದು."

ಮೊಮ್ಮಗಳು ನನ್ನ ಕೈ ಹಿಡಿದುಕೊಂಡು ಹೊರಗೆ ಕರೆತಂದಳು.

ಗಣಪತಿ ಹಬ್ಬದಲ್ಲಿ ನಮ್ಮ ಗಲ್ಲಿಯ ಮಂಡಲದ ಸ್ಪೀಕರನ್ನೇ ಅಳೆಯುವ ಕೆಲಸ ಅವಳಿಗೆ ಬಂತು. ಎದುರಿನ ಬಿಲ್ಡಿಂಗಿನವರು ದೂರು ಕೊಟ್ಟಿದ್ದರು. ಸಂಜೆ ಅವಳು ಗೋಡೆಯಿಂದ ದೂರ ಜಾಗ ನೋಡಿ ಸ್ಟ್ಯಾಂಡ್ ನಿಲ್ಲಿಸಿ, ಮೈಕಿಗೆ ಗಾಳಿ ತಾಗದ ಹಾಗೆ ಕರಿ ಸ್ಪಂಜಿನ ಚೆಂಡು ತೊಡಿಸಿದಳು. ದೂರು ಕೊಟ್ಟ ಬಿಲ್ಡಿಂಗಿನ ಸೆಕ್ರೆಟರಿ ಎಲ್ಲಿದ್ದರು ಅಂತೀರಿ? ಸ್ಪೀಕರಿನ ಮುಂದೆ ಮೊದಲ ಸಾಲಿನಲ್ಲಿ ಎರಡೂ ಕೈ ಎತ್ತಿ ಕುಣಿಯುತ್ತಿದ್ದರು.

ಮಂಡಲದ ಅಧ್ಯಕ್ಷ ಬಂದ. ಕೊರಳಲ್ಲಿ ಶಾಲು, ಹಿಂದೆ ನಾಲ್ಕು ಜನ.

"ಎಷ್ಟು ಬಂತು, ಬೇಟಿ?"

ಅವಳು ಅಂಕಿ ತೋರಿಸಿದಳು.

"ಬಹಳ ಆಯಿತು. ಸ್ವಲ್ಪ ಕಮ್ಮಿ ಮಾಡು. ನೀನು ನಮ್ಮ ಗಲ್ಲಿಯವಳೇ ಅಲ್ಲವಾ?"

"ಕಮ್ಮಿ ನೀವು ಮಾಡಬೇಕು ಅಂಕಲ್. ಅಲ್ಲಿ, ಸ್ಪೀಕರಿನಲ್ಲಿ."

"ಅದು ದೇವರ ಕೆಲಸ, ನನ್ನ ಕೈಯಲ್ಲಿಲ್ಲ. ಇದು ನಿನ್ನ ಕೈಯಲ್ಲಿದೆ. ಹೋಗಲಿ, ಅರ್ಧಕ್ಕೆ ಮುಗಿಸೋಣ."

ಮೆಂತ್ಯೆ ಸೊಪ್ಪಿನ ಸೂಡಿಗೆ ಚೌಕಾಸಿ ಮಾಡಿದ ಹಾಗೆ ಸಪ್ಪಳಕ್ಕೆ ಚೌಕಾಸಿ! ಅವಳು ಒಪ್ಪದಿದ್ದಾಗ, ಮೈಕ್ ಕಂಡ ಮೇಲೆ ಸುಮ್ಮನಿರುವುದು ಅಧ್ಯಕ್ಷರ ಜಾತಕದಲ್ಲಿ ಬರೆದಿಲ್ಲ ನೋಡಿ, ಸ್ಪಂಜಿನ ಚೆಂಡು ಕಿತ್ತು "ಫೂ, ಫೂ" ಅಂತ ಊದಲು ಬಾಯಿ ತಂದ. ಮೊಮ್ಮಗಳು ತಟ್ಟನೆ ಅಂಗೈ ಅಡ್ಡ ಹಿಡಿದಳು. ಅಧ್ಯಕ್ಷರ ಎಲೆಯಡಿಕೆಯೆಲ್ಲ ಅವಳ ಅಂಗೈಗೆ ಬಿತ್ತು. ಮೈಕು ಉಳಿಯಿತು.

"ಎಂಥ ದರಿದ್ರ ಮೈಕ್ ಇದು," ಅಂದ ಅಧ್ಯಕ್ಷ, "ಅಧ್ಯಕ್ಷರ ಮಾತೇ ಹೊರಗೆ ಬರುವುದಿಲ್ಲ!"

ಒಂದು ವಾರ ನಾನು ಆ ಮನುಷ್ಯನನ್ನು ಬೈದೆ. ನಳದ ಮುಂದೆ ಬೈದೆ, ಕಟ್ಟೆಯ ಮೇಲೆ ಕೂತು ಬೈದೆ. ಅಷ್ಟು ಸೂಕ್ಷ್ಮದ ವಸ್ತುವನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವ ಬುದ್ಧಿ ಬೇಡವಾ ಅಂತ ಚಾಳಿಗೆಲ್ಲ ಪಾಠ ಹೇಳಿದೆ. ಆ ಪಾಠ ಹೇಳಿದ ಬಾಯಿಯನ್ನು ಈಗ ನೆನೆದರೆ ನನಗೇ ನಗು ಬರುತ್ತದೆ.

ಹಬ್ಬ ಮುಗಿದ ಮೇಲೆ ಸಾಹೇಬರು ಒಂದು ಮಾತು ಹೇಳಿದರು. ದಸರೆ ಆದ ಕೂಡಲೇ ಲ್ಯಾಬಿಗೆ ಮಾನ್ಯತೆ ಕೊಡುವವರು ತಪಾಸಣೆಗೆ ಬರುತ್ತಾರೆ. ಇಷ್ಟು ದಿನ ಅಳೆಯುವುದು ಇವಳು, ಸರ್ಟಿಫಿಕೇಟಿನ ಕೆಳಗೆ ಸಹಿ ಸಾಹೇಬರದು. ತಪಾಸಣೆಯಲ್ಲಿ ಇವಳ ಕೆಲಸ ಪಾಸಾದರೆ ಮುಂದೆ ಇವಳದೇ ಸಹಿ. ಆಗದಿದ್ದರೆ ಮುಂದಿನ ತಪಾಸಣೆಯ ತನಕ ಕಾಯಬೇಕು.

ನಿಮಗೆ ಇದು ಸಣ್ಣ ವಿಷಯ ಅನಿಸಬಹುದು. ನಾನು ಹನ್ನೆರಡು ವರ್ಷ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದವನು. ಕಲಿತ ಮೂರು ಇಯತ್ತೆ ಮರೆತೇ ಹೋಗಿತ್ತು. ಆಮೇಲೆ ಸೈಟಿನ ಸಿಮೆಂಟು ಚೀಲದ ಮೇಲೆ ಸೀಮೆಸುಣ್ಣದಿಂದ ತಿದ್ದಿ ತಿದ್ದಿ ಹೆಸರು ಬರೆಯುವುದನ್ನು ಮತ್ತೆ ಕಲಿತೆ. ನಮ್ಮ ಮನೆತನದಲ್ಲಿ ಇನ್ನೊಬ್ಬರು ಬರೆದದ್ದರ ಕೆಳಗೆ ಬೆರಳು ಒತ್ತಿದವರೇ ಎಲ್ಲ. ತಾನೇ ಬರೆದು, ಇದು ಖರೆ ಅಂತ ತಾನೇ ಸಹಿ ಹಾಕುವವಳು ಇವಳೇ ಮೊದಲು.

ಅವಳು ಹಳೆಯ ಪೇಪರಿನ ಅಂಚಿನಲ್ಲಿ ಇಂಗ್ಲಿಷ್ ಸಹಿ ರೂಢಿ ಮಾಡುತ್ತಿದ್ದಳು.

"ಕನ್ನಡದಾಗ ಮಾಡವ್ವಾ," ಅಂದೆ.

"ಮುತ್ಯಾ, ಕನ್ನಡದಾಗ ಬರೆದ್ರ ಇರುವೆ ಸಾಲು ತಪ್ಪಿದಂಗ ಕಾಣತೈತಿ," ಅಂತ ನಕ್ಕಳು.

ನಾನು ಹೊರಗೆ ಹೋಗಿ ಚಾಳಿಗೆ ಸುದ್ದಿ ಹೇಳಿದೆ. ಅದು ಮಾಳಿಗೆ ಹತ್ತಿ, ನಳ ಸುತ್ತಿ, ಹಾಲಿನವನ ತನಕ ಹೋಗುವಷ್ಟರಲ್ಲಿ ನನ್ನ ಮೊಮ್ಮಗಳ ಸಹಿ ನೋಟಿನ ಮೇಲೆ ಬರುತ್ತದೆ ಅಂತ ಆಗಿತ್ತು. ನಾನು ತಿದ್ದಲಿಲ್ಲ.

ಖಂಡೇಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಸಾಹೇಬರು ನಮ್ಮನ್ನೂ ಕರೆದರು. ಲ್ಯಾಬಿನ ಬಾಗಿಲಿಗೆ "ಧೂಳು ತರಬೇಡಿ" ಅನ್ನುವ ಬೋರ್ಡು. ಬೋರ್ಡಿನ ಮೊಳೆಗೇ ನಿಂಬೆಹಣ್ಣು ಮೆಣಸಿನಕಾಯಿ. ಒಳಗೆ ಸ್ಕ್ರೂಡ್ರೈವರ್, ಸ್ಟ್ಯಾಂಡು, ವೈರಿನ ಸುರುಳಿ, ಲ್ಯಾಪ್‌ಟಾಪ್ ಎಲ್ಲ ಸಾಲಾಗಿ ಇಟ್ಟಿದ್ದರು. ಸಾಹೇಬರು ತಾವೇ ಗಾಳಿ ಪಂಪಿಗೆ ಚೆಂಡುಹೂವಿನ ಮಾಲೆ ಹಾಕಿ, ಲ್ಯಾಪ್‌ಟಾಪಿನ ಹಣೆಗೆ ಗಂಧ ಇಟ್ಟರು. "ಅಜ್ಜ ಹಿರಿಯರು, ಕುಂಕುಮ ಅವರೇ ಹಚ್ಚಲಿ," ಅಂದರು. ಕರ್ಪೂರ ತರಲು ಮರೆತಿತ್ತು. ಮೊಮ್ಮಗಳು ಅಂಗಡಿಗೆ ಓಡಿದಳು, ಸಾಹೇಬರು ಫೋನ್ ಹಿಡಿದು ಹೊರಗೆ ಹೋದರು, ನಮ್ಮಾಕಿ ಬಾಳೆಹಣ್ಣು ಬಿಡಿಸುತ್ತ ಕೂತಳು.

ಮೈಕಿನ ಪೆಟ್ಟಿಗೆ ಮುಟ್ಟಬೇಡ ಅಂತ ಯಾರೂ ಹೇಳಲಿಲ್ಲ. ಊದಬಾರದು ಅಂತ ಇಡೀ ಚಾಳಿಗೆ ಪಾಠ ಹೇಳಿದವನಿಗೆ ಮತ್ತೇನು ಹೇಳುವುದು ಅಂದುಕೊಂಡಿರಬೇಕು.

ಈಗ ನಮ್ಮ ಬ್ರೇಕರಿನವರ ಪದ್ಧತಿ ಹೇಳುತ್ತೇನೆ ಕೇಳಿ. ನಾವು ಕುಂಕುಮವನ್ನು ಮಷೀನಿನ ಮೈಗೆ ಹಚ್ಚುವುದಿಲ್ಲ. ಮೇಲಿನ ಕವಚ ತೆಗೆದು, ಕಾಂಕ್ರೀಟಿಗೆ ತಾಗುವ ಮೂತಿಗೆ ಹಚ್ಚುತ್ತೇವೆ. ನಮ್ಮ ಮೇಸ್ತ್ರಿ, ಮುಕಾದಮ ಅನ್ನುತ್ತೇವೆ, ಹೇಳುತ್ತಿದ್ದ, "ಬೆನ್ನಿಗೆ ಹಚ್ಚಿದರ ಮಷೀನ್ ತನ್ನನ್ನ ತಾ ಕಾಯ್ತದ, ಮೂತಿಗೆ ಹಚ್ಚಿದರ ಮಂದೀನ ಕಾಯ್ತದ." ಒಂದು ವರ್ಷ ಒಬ್ಬ ಅವಸರದಲ್ಲಿ ಬೆನ್ನಿಗೆ ಮಾತ್ರ ಹಚ್ಚಿದ. ಹಬ್ಬ ಮುಗಿದ ಮೊದಲ ದಿನವೇ ಮೂತಿ ಜಾರಿ ಅವನ ಪಾದದ ಮೇಲೆ ಕೂತಿತು. ಅಂದಿನಿಂದ ನಾನು ಯಾವ ಮಷೀನಿಗೂ ಬೆನ್ನುಪೂಜೆ ಮಾಡಿದವನಲ್ಲ.

ಪೆಟ್ಟಿಗೆ ತೆರೆದೆ. ಎರಡು ಮೈಕು. ಹಳದಿ ಚೀಟಿ ಹಚ್ಚಿದ್ದು ತಾಯಿ ಮೈಕು ಅಂತ ನನಗೆ ಗೊತ್ತಿತ್ತು. ಉಳಿದ ಮೈಕು ಸರಿ ಇವೆಯಾ ಅಂತ ಅದರ ಜೊತೆಗೇ ಹೋಲಿಸಿ ನೋಡುತ್ತಾರೆ. ಹಿರಿಯಳಿಗೆ ಮೊದಲ ಪೂಜೆ. ತೂತಿನ ಟೊಪ್ಪಿಗೆಯನ್ನು ಎರಡು ಬೆರಳಿನ ತುದಿಯಲ್ಲಿ ಹಿಡಿದು ತಿರುಗಿಸಿದೆ. ಕೂದಲೆಳೆಯಂಥ ತಿರುಪಿನ ಗೆರೆ ಅದಕ್ಕೆ. ಮೂವತ್ತು ವರ್ಷ ನಡುಗಿದ ಕೈ ನನ್ನದು, ಆದರೆ ಅವತ್ತು ಒಂದಿಷ್ಟೂ ನಡುಗಲಿಲ್ಲ. ಕೆಳಗೆ ಪೊರೆ, ಈಗಷ್ಟೇ ತೊಳೆದ ಹಾಗೆ ಹೊಳೆಯುತ್ತಿತ್ತು. ಕುಂಕುಮಕ್ಕೆ ಎರಡು ಹನಿ ಎಣ್ಣೆ ಕಲಸಿ, ಉಂಗುರ ಬೆರಳಿನಿಂದ, ಕೂಸಿನ ಹಣೆಗೆ ಇಟ್ಟ ಹಾಗೆ ಮೆತ್ತಗೆ ಒಂದು ಬೊಟ್ಟು ಇಟ್ಟೆ. "ನಮ್ಮ ಹುಡುಗಿ ಸಹಿ ಮಾಡೂಹಂಗ ಮಾಡು ತಾಯಿ," ಅಂತ ಕೈ ಮುಗಿದೆ. ಟೊಪ್ಪಿಗೆ ತೊಡಿಸಿದೆ. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಕರ್ಪೂರ ಬಂತು ಅಂತ ಎಲ್ಲರೂ ಕೂಗಿದರು. ಹೀಗೆ ಎರಡನೆಯದು ಪೂಜೆಯಿಂದ ಪಾರಾಯಿತು.

ಮರುದಿನ ಬನ್ನಿ ಕೊಟ್ಟು ಬಂಗಾರದಂಗಿರೋಣ ಅಂದೆವು.

ತಪಾಸಣೆಗೆ ಒಂದೇ ದಿನ ಉಳಿದಿತ್ತು. ಮಧ್ಯಾಹ್ನ ಅವಳಿಗೆ ರೊಟ್ಟಿಯ ಡಬ್ಬಿ ತೆಗೆದುಕೊಂಡು ಹೋದೆ. ನೋಡಿದರೆ ಅವಳ ಹಣೆಯ ಮೇಲೆ ಬೆವರು. ತಾಯಿ ಮೈಕಿನ ತಲೆಗೆ "ಕೂಂ" ಅನ್ನುವ ಡಬ್ಬಿ ತೊಡಿಸಿದ್ದಾಳೆ; ಯಂತ್ರ ತೊಂಬತ್ನಾಲ್ಕು ಅನ್ನುತ್ತಿಲ್ಲ. ವೈರು ಬದಲಿಸಿದಳು. ಡಬ್ಬಿಯ ಬ್ಯಾಟರಿ ಬದಲಿಸಿದಳು. ಎರಡನೆಯ ಮೈಕಿಗೆ ತೊಡಿಸಿದಳು, ಬರೋಬ್ಬರಿ ತೊಂಬತ್ನಾಲ್ಕು. ಮತ್ತೆ ತಾಯಿ ಮೈಕಿಗೆ ತೊಡಿಸಿದಳು, ಮತ್ತೆ ಕೆಳಗೆ.

"ತೇವ ಇರಬೇಕು," ಅಂದರು ಸಾಹೇಬರು.

ಅವಳು ಟೊಪ್ಪಿಗೆ ಬಿಚ್ಚಿ ಭೂತಗನ್ನಡಿ ಹಿಡಿದಳು. ಸಾಹೇಬರೂ ಬಗ್ಗಿ ನೋಡಿದರು.

"ಇದು ಎಂತ? ತುಕ್ಕಾ?"

ಮೊಮ್ಮಗಳು ಮೆಲ್ಲಗೆ ನನ್ನ ಕಡೆ ತಿರುಗಿದಳು. "ಮುತ್ಯಾ?"

ನಾನು ಡಬ್ಬಿ ಹಿಡಿದುಕೊಂಡೇ ಎದೆಯುಬ್ಬಿಸಿ ಹೇಳಿದೆ, "ಹೂಂನವ್ವಾ, ನಾನ ಹಚ್ಚೀನಿ. ತಿರುಪಿಗೆ ಒಂದು ಗೀರು ಬಿದ್ದೈತೇನ ನೋಡು, ಇದ್ದರ ಹೇಳು!"

ಸಾಹೇಬರು ಕುರ್ಚಿ ಹುಡುಕಿ ಕೂತರು. ಆಮೇಲೆ ಅವರ ತಂದೆಯ ಹೋಟೆಲಿನ ದನಿ ಹೊರಗೆ ಬಂತು. "ಎಂತ ಮಾಡಿದ್ರಿ ಮಾರಾಯ್ರೆ! ಗಾಳಿ ಊದಬಾರದು ಅಂತ ಊರಿಗೆಲ್ಲ ಹೇಳಿದವರು ನೀವೇ ಅಲ್ವಾ? ಅದಕ್ಕೆ ಎಣ್ಣೆ ಹಚ್ಚುವುದಾ!" ಆವತ್ತು ನನ್ನ ಬಲಗಿವಿ ಒಂದಕ್ಷರ ಬಿಡದೆ ಕೇಳಿತು.

ಆಗ ತಿಳಿಯಿತು. ಬೊಟ್ಟಿನ ಭಾರಕ್ಕೆ ಪೊರೆ ಸರಿಯಾಗಿ ನಡುಗುವುದನ್ನೇ ಬಿಟ್ಟಿದೆ. ಒರೆಸಿದರೆ ಹರಿಯುತ್ತದೆ, ಬಿಟ್ಟರೆ ಸುಳ್ಳು ಹೇಳುತ್ತದೆ. ತಪಾಸಣೆಗೆ ಒಂದು ದಿನ, ಮತ್ತು ಅವಳ ಸಹಿಯ ಮೇಲೆ ನಾನೇ ಕೈಯಾರೆ ಬ್ರೇಕರ್ ಹೊಡೆದಿದ್ದೆ.

ಸಾಹೇಬರು ಸ್ವಲ್ಪ ಹೊತ್ತಿಗೆ ಪಿಸುದನಿಗೆ ಮರಳಿದರು. "ನೋಡು ಮಗಾ, ರಿಜಿಸ್ಟರಿನಲ್ಲಿ ತೇವದಿಂದ ಕೆಟ್ಟಿತು ಅಂತ ಬರೆ. ಈ ಊರಿನ ತೇವದ ಮೇಲೆ ಎಂತ ಬೇಕಾದರೂ ಹಾಕಬಹುದು. ಅದೇನು ಬಂದು ಸಾಕ್ಷಿ ಹೇಳುವುದಿಲ್ಲ."

"ಹೌದವ್ವಾ," ಅಂದೆ ನಾನೂ, "ತೇವಕ್ಕೇನ ನೌಕರಿ ಹೋಗತೈತಿ? ಬರದ ಬಿಡು. ಇಲ್ಲಂದ್ರ ನಿನ್ನ ಸಹಿ ಹೋಗತೈತಿ."

ಅವಳ ಕಣ್ಣು ತುಂಬಿದ್ದವು. ಮೈಕನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದಳು. "ನೋಡು ಮುತ್ಯಾ. ಲಾಲ್ ಐತಿ. ತೇವ ಲಾಲ್ ಇರತೈತೇನು?" ಮೂಗೆಳೆದುಕೊಂಡಳು. "ನಾ ಸಹಿ ಮಾಡೂದು ಅಂದ್ರ ನೋಡಿದ್ದು ಬರಿಯೂದು. ಅದ ಬಿಟ್ಟು ಮತ್ತೇನೈತಿ ಆ ಸಹಿಯಾಗ?"

ರಿಜಿಸ್ಟರ್ ಎಳೆದುಕೊಂಡು ಬರೆದಳು. ಇಂಗ್ಲಿಷಿನಲ್ಲಿ ಬರೆದದ್ದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದಳು: ತಾಯಿ ಮೈಕಿನ ಪೊರೆಯ ಮೇಲೆ ಎಣ್ಣೆ ಕಲಸಿದ ಕುಂಕುಮ. ಹಚ್ಚಿದವರು, ಕೆಲಸಗಾರ್ತಿಯ ಅಜ್ಜ. ಕಾರಣ, ಆಯುಧ ಪೂಜೆ. ಪೂಜೆಯಾದ ಮೇಲೆ ಈ ಮೈಕಿನಿಂದ ಯಾವುದನ್ನೂ ಅಳೆದಿಲ್ಲ. ಆಮೇಲೆ ಮೈಕಿಗೆ "ಬಳಸಬಾರದು" ಅನ್ನುವ ಕೆಂಪು ಚೀಟಿ ಕಟ್ಟಿ, ಎರಡನೆಯದರ ಕಾಗದಪತ್ರ ತೆಗೆದು, ರೊಟ್ಟಿ ತಿನ್ನದೆ ಕೆಲಸಕ್ಕೆ ಕೂತಳು. ನಾನು ಡಬ್ಬಿ ಹಿಡಿದುಕೊಂಡು ಮನೆಗೆ ಬಂದೆ. ನಮ್ಮಾಕಿ ನನಗೂ ಊಟ ಹಾಕಲಿಲ್ಲ. "ಆ ಅಧ್ಯಕ್ಷ ಬರೇ ಊದಿದ್ದ," ಅಂದಳು. ಅಷ್ಟೇ ಅಂದಳು.

ಮರುದಿನ ಮನೆಯಲ್ಲೇ ಇರಿ ಅಂದರೂ ಹೋದೆ. ಲ್ಯಾಬಿನ ಹೊರಗೆ ನಿಂಬೆಹಣ್ಣಿನ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತೆ. ತಪಾಸಣೆಗೆ ಒಬ್ಬ ಮೇಡಂ ಬಂದರು. ನರೆತ ಕೂದಲು, ದಪ್ಪ ಕನ್ನಡಕ, ಬಾಗಿಲಲ್ಲಿ ನಿಂಬೆಹಣ್ಣನ್ನು ಒಂದು ಸಲ ನೋಡಿದರು, ನನ್ನನ್ನು ಒಂದು ಸಲ ನೋಡಿದರು. ಒಳಗೆ ಹೋದ ಎಷ್ಟೋ ಹೊತ್ತಿನ ಮೇಲೆ ಹೊರಗೆ ಕರೆ ಬಂತು: "ಅಜ್ಜ ಯಾರು?"

ಹೋಗಿ ನಿಂತೆ. ಎದುರಿಗೆ ಆ ಪುಟ ತೆರೆದಿತ್ತು. ಮೇಡಂ ಹಿಂದಿಯಲ್ಲಿ ಕೇಳಿದರು, ನಾನು ಮುಕಾದಮನ ಮಾತಿನಿಂದ ಹಿಡಿದು ಉಂಗುರ ಬೆರಳಿನ ತನಕ ಎಲ್ಲ ಹೇಳಿದೆ. "ತಪ್ಪು ನನ್ನದು. ಮೂತಿಗೆ ಹಚ್ಚುವುದು ನಮ್ಮ ರೂಢಿ. ಇದಕ್ಕೂ ಮೂತಿ ಇದೆ ಅಂದುಕೊಂಡೆ. ಇದಕ್ಕೆ ಇರುವುದು ಕಿವಿ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಸಾಹೇಬರ ಕಡೆ ತಿರುಗಿ, "ನಾನು ಇಷ್ಟು ವರ್ಷದಿಂದ ಈ ಊರಿನ ರಿಜಿಸ್ಟರುಗಳನ್ನು ಓದುತ್ತಿದ್ದೇನೆ. ಎಲ್ಲರದೂ ಒಂದೇ: ತೇವ, ತೇವ, ತೇವ. ಇಲ್ಲಿನ ಲ್ಯಾಬುಗಳಲ್ಲಿ ಮನುಷ್ಯರೇ ಇಲ್ಲ, ಬರೀ ಮಳೆ ಕೆಲಸ ಮಾಡುತ್ತದೆ ಅಂದುಕೊಂಡಿದ್ದೆ," ಅಂದರು. ಸಾಹೇಬರು ಗಾಳಿ ಪಂಪಿನ ಒಣಗಿದ ಮಾಲೆಯನ್ನು ನೋಡುತ್ತ ನಿಂತರು.

ಆಮೇಲೆ ಮೇಡಂ ಮೊಮ್ಮಗಳನ್ನು ಕೇಳಿದರು. ಕೆಟ್ಟದ್ದು ಯಾವಾಗ ತಿಳಿಯಿತು? ಹೇಗೆ ತಿಳಿಯಿತು? ಅದರಿಂದ ಅಳೆದದ್ದು ಏನಾದರೂ ಹೊರಗೆ ಹೋಗಿದೆಯಾ? ಅವಳು ಒಂದೊಂದಕ್ಕೂ ಕಾಗದ ತೋರಿಸಿ ಉತ್ತರ ಕೊಟ್ಟಳು. ಬೆರಳು ಸರಿಯಾದ ಸಾಲಿನ ಮೇಲೆಯೇ ಇತ್ತು.

"ಇನ್ನು ಮುಂದೆ ಹೀಗಾಗದಂತೆ ಏನು ಮಾಡುತ್ತೀರಿ?"

"ಅಜ್ಜನನ್ನು ಒಳಗೆ ಬಿಡುವುದಿಲ್ಲ," ಅಂದರು ಸಾಹೇಬರು ತಟ್ಟನೆ.

"ಮುಂದಿನ ವರ್ಷ ಇನ್ನೊಬ್ಬರ ಅಜ್ಜ ಬರುತ್ತಾರೆ," ಅಂದರು ಮೇಡಂ. "ಒಳಗೆ ಬರುವವರಿಗೆ ಮೊದಲು ತರಬೇತಿ. ಅದಕ್ಕೊಂದು ದಾಖಲೆ. ಈಗಲೇ ಶುರು ಮಾಡಿ, ನಾನು ನೋಡುತ್ತೇನೆ."

ನನಗೆ ತರಬೇತಿ ಆಯಿತು! ಮೊಮ್ಮಗಳು ಟೀಚರು, ನಾನು ವಿದ್ಯಾರ್ಥಿ. ಟೊಪ್ಪಿಗೆ ಬಿಚ್ಚಬಾರದು, ಪೊರೆ ಮುಟ್ಟಬಾರದು, ಎಣ್ಣೆ ನೀರು ಊದು ಒರೆಸು ಯಾವುದೂ ಕೂಡದು ಅಂದಳು.

"ಹಂಗಾದ್ರ ಪೂಜಿ?" ಅಂದೆ.

"ಪೆಟ್ಟಿಗೆ ಮುಚ್ಚಳದ ಮ್ಯಾಗ. ಒಂದ ಹೂವು."

"ಬೆನ್ನುಪೂಜಿ ಆತಲ್ಲವ್ವಾ ಅದು."

"ಮುತ್ಯಾ!"

"ಆತು, ಆತು."

ಕಾಗದ ಬಂತು. ತರಬೇತಿ ಪಡೆದವರ ಸಹಿ, ತರಬೇತಿ ಕೊಟ್ಟವರ ಸಹಿ. ಸಾಹೇಬರು ಪಾಪ, ನನ್ನ ಮೇಲಿನ ಮರ್ಯಾದೆಗೇ, ಇಂಕಿನ ಪ್ಯಾಡು ಮುಂದಿಟ್ಟರು. ನಾನು ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದೆ. ಒಂದೊಂದೇ ಅಕ್ಷರ ಬರೆದೆ. ಮೇಡಂ ಕಾದರು. ಆಮೇಲೆ ಸಾಹೇಬರು ಪೆನ್ನಿಗೆ ಕೈ ಚಾಚಿದರು.

"ನೀವಲ್ಲ," ಅಂದರು ಮೇಡಂ. "ಇಂದಿನಿಂದ ಸಹಿ ಅವಳದು."

ಮೊಮ್ಮಗಳಿಗೆ ಅದು ತಲೆಗೆ ಹೋಗಲು ಒಂದು ಕ್ಷಣ ಬೇಕಾಯಿತು. ನಾನಂತೂ ಆಗಲೇ ಅಳುತ್ತಿದ್ದೆ. ಅವಳು ಪೆನ್ನು ಹಿಡಿದು, ನನ್ನ ಸಹಿಯನ್ನು ನೋಡಿ, ಒಂದು ಸಲ ನನ್ನ ಮುಖ ನೋಡಿ, ಕನ್ನಡದಲ್ಲಿ ಬರೆದಳು. ಪಕ್ಕಪಕ್ಕದಲ್ಲಿ ಎರಡು ಸಹಿ, ಎರಡೂ ಮೂರನೇ ಇಯತ್ತೆಯವೇ.

ಮೇಡಂ ಕಾಗದ ಎತ್ತಿ ನೋಡಿದರು. "ಚೆನ್ನಾಗಿದೆ. ಮೊದಲ ಸಹಿ ಹೇಗಿದೆಯೋ ಮುಂದಿನವೂ ಹಾಗೇ ಇರಬೇಕು. ಗೊತ್ತಲ್ಲ?"

ಅವಳ ಮುಖ ನೋಡಬೇಕಿತ್ತು ನೀವು. ಈಗ ಪ್ರತಿ ಸರ್ಟಿಫಿಕೇಟಿನ ಕೆಳಗೂ ಇರುವೆ ಸಾಲು ಬಿಡಬೇಕು, ದಿನಾ ಸಂಜೆ ನನ್ನ ಹತ್ತಿರ ಕೂತು ತಿದ್ದುತ್ತಾಳೆ.

ಮೊನ್ನೆ ನಮ್ಮ ಗಲ್ಲಿಯಲ್ಲಿ ಮತ್ತೊಂದು ಹಬ್ಬ, ಮತ್ತೆ ಸ್ಪೀಕರು. ಅವಳ ಸಹಿ ಶುರುವಾದ ಮೇಲೆ ನಮ್ಮ ಗಲ್ಲಿಯಲ್ಲಿ ಮತ್ತೆ ಅಳೆದದ್ದರ ಕಾಗದ ಹ್ಯಾಗೋ ಏನೋ ಆಗಷ್ಟೇ ಅಧ್ಯಕ್ಷನ ಕೈ ಸೇರಿತ್ತು. ಕಟ್ಟೆಯ ಮೇಲೆ ಕೂತಿದ್ದ ನನ್ನ ಹತ್ತಿರ ಬಂದ.

"ಕಾಕಾ, ಯಾರನ್ನು ಹೋಗಿ ಕಾಣಬೇಕು ಅಂತ ನೋಡಿದರೆ ಸಹಿ ಓದಲು ಬರುವುದಿಲ್ಲ. ನಿಮ್ಮ ಭಾಷೆ ಅಂತೆ. ಏನು ಬರೆದಿದೆ?"

ನಾನು ಕಾಗದ ಹಿಡಿದು, ಕಣ್ಣಿನಿಂದ ದೂರ ಮಾಡಿ, ಓದಿದೆ.

"ಏನು? ಕೇಳಿಸಲಿಲ್ಲ."

ಮತ್ತೆ ಓದಿದೆ.

"ಕೇಳಿಸುವುದಿಲ್ಲ ಕಾಕಾ, ಗದ್ದಲ!"

"ಹಾಗಾದರೆ ಸ್ಪೀಕರ್ ಬಂದ್ ಮಾಡಿಸು," ಅಂದೆ.

ಅವನು ಕೈ ಎತ್ತಿ ಸನ್ನೆ ಮಾಡಿದ. ಗಲ್ಲಿ ಸ್ತಬ್ಧವಾಯಿತು. ಕುಣಿಯುತ್ತಿದ್ದವರೆಲ್ಲ ಕೈ ಎತ್ತಿದವರು ಎತ್ತಿದ ಹಾಗೇ ನಮ್ಮ ಕಡೆ ತಿರುಗಿದರು. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ನನ್ನ ಮೊಮ್ಮಗಳ ಹೆಸರನ್ನು ಓದಿದೆ.